ಹಳೆಯ ಹಾಯಿದೋಣಿಯನ್ನು ನೀರಿಗಿಳಿಸುವ ಮೊದಲು

ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ – ಇಷ್ಟು ಹೊಳೆಗಳು ನಮ್ಮ ಕಾಸರಗೋಡು ಸೀಮೆಯನ್ನು ಅಡ್ಡವಾಗಿ ಸೀಳಿಕೊಂಡು ಕಡಲನ್ನು ಸೇರುತ್ತವೆ. ಸೇತುವೆಗಳಾಗುವ ಮೊದಲು ದೋಣಿಯಿಲ್ಲದೆ ನಮ್ಮ ಹಿರಿಯರಿಗೆ ದಾರಿ ಸಾಗುತ್ತಿರಲಿಲ್ಲ. ಇಂದು ಕಡವುಗಳು ಕಡಮೆಯಾಗಿವೆ. ಕಡಲಿನಲ್ಲಿ ಹಾಯಿಯ ಜಾಗಕ್ಕೆ ಯಂತ್ರ ಬಂದಿದೆ. ಆದರೂ ಹಾಯಿ ಪೂರ್ತಿ ಇಲ್ಲವಾಗಿಲ್ಲ. ಎನ್.ಸಿ.ಸಿ.ಯ ನೌಕಾ ವಿಭಾಗಕ್ಕೆ ಸೇರಿದ ಹುಡುಗ ಹುಡುಗಿಯರು ಗಾಳಿಯ ಪಾಠವನ್ನು ಕಲಿಯುವುದು ಹಾಯಿದೋಣಿಯಲ್ಲೇ. ಅವರ ಕೈಗೆ ಬರುವ ದೋಣಿ ಹೊಸತೇ ಆಗಿರಬೇಕೆಂದೇನೂ ಇಲ್ಲ. ಬೇರೊಬ್ಬರು ಹತ್ತಾರು ವರ್ಷ ಬಳಸಿ, ಮಳೆಬಿಸಿಲಿಗೆ ಕವುಚಿಹಾಕಿ ಬಿಟ್ಟ ದೋಣಿಯನ್ನು ಮತ್ತೆ ನೀರಿಗಿಳಿಸುವ ಸಂದರ್ಭಗಳೇ ಹೆಚ್ಚು ಬರಬಹುದು. ಆಗ ಮೊದಲು ಕೇಳಬೇಕಾದ ಪ್ರಶ್ನೆ: ಇದು ಸೋರುತ್ತದೆಯೇ? ಸೋರುವುದಾದರೆ ಎಲ್ಲಿಂದ, ಎಷ್ಟು?

ಇದಕ್ಕೆ ಉತ್ತರವನ್ನು ಹೊಳೆಯ ನಡುವೆ ಹುಡುಕುವುದಕ್ಕಿಂತ ದಡದ ಮೇಲೆ ಹುಡುಕುವುದು ಲೇಸು. 2007ರ ಫೆಬ್ರವರಿ 20ರಂದು ನಮ್ಮದೇ ರಾಜ್ಯದ ತಟ್ಟೇಕ್ಕಾಡಿನಲ್ಲಿ, ಪೆರಿಯಾರ್ ಹೊಳೆಯಲ್ಲಿ, ಪ್ರವಾಸಕ್ಕೆ ಬಂದ ಶಾಲಾ ಮಕ್ಕಳ ದೋಣಿ ಮುಳುಗಿ 15 ಮಂದಿ ಮಕ್ಕಳೂ 3 ಮಂದಿ ಅಧ್ಯಾಪಕರೂ ತೀರಿಕೊಂಡರು. ಅದು ಹಾಯಿದೋಣಿಯಲ್ಲ, ಮಿತಿಮೀರಿ ಜನ ಹತ್ತಿದ್ದರು ಎಂಬುದೂ ನಿಜ. ಆದರೆ ದೋಣಿಯೊಳಗೆ ನೀರು ಏರತೊಡಗಿದ ಮೇಲೆ ಯೋಚನೆ ಮಾಡುವುದಕ್ಕೆ ಎಷ್ಟು ಕಡಮೆ ಸಮಯ ಉಳಿಯುತ್ತದೆ ಎಂಬುದನ್ನು ನಾವು ಮರೆಯುವಂತಿಲ್ಲ.

ಸಣ್ಣ ತೂತೊಂದು ಏನು ಮಾಡೀತು ಎಂದು ಕೆಲವರು ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಹದಿನೇಳನೆಯ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ ಎಂಬ ವಿಜ್ಞಾನಿ ಒಂದು ನಿಯಮವನ್ನು ಕಂಡುಕೊಂಡನು. ನೀರಿನ ಮಟ್ಟದಿಂದ ಎಷ್ಟು ಆಳದಲ್ಲಿ ತೂತು ಇದೆಯೋ ಅಷ್ಟು ಎತ್ತರದಿಂದ ಬಿದ್ದ ಕಲ್ಲಿಗೆ ಯಾವ ವೇಗ ಬರುವುದೋ, ಆ ತೂತಿನಿಂದ ನುಗ್ಗುವ ನೀರಿಗೂ ಅದೇ ವೇಗ. ದೋಣಿಯ ಅಡಿಯಲ್ಲಿ, ನೀರಿನ ಮಟ್ಟದಿಂದ 15 ಸೆಂಟಿಮೀಟರು ಕೆಳಗೆ ಒಂದು ತೂತು ಇದೆ ಎನ್ನಿ. ನೀರಿನ ವೇಗ ಸೆಕೆಂಡಿಗೆ ಸುಮಾರು 1.7 ಮೀಟರು. ತೂತಿನ ಅಡ್ಡಳತೆ 1 ಸೆಂಟಿಮೀಟರು, ಅಂದರೆ ನಮ್ಮ ಕಿರುಬೆರಳು ತೂರುವಷ್ಟು. ನೀರಿನ ಧಾರೆ ತೂತಿನಲ್ಲಿ ಸಂಕೋಚಗೊಳ್ಳುವುದರಿಂದ ಲೆಕ್ಕದ ಆರನೆಯ ಹತ್ತಂಶ ಮಾತ್ರ ಬರುತ್ತದೆ ಎಂದು ಹಿಡಿದರೂ ನಿಮಿಷಕ್ಕೆ ಹತ್ತಿರ ಹತ್ತಿರ 5 ಲೀಟರು ಒಳಗೆ ಬರುತ್ತದೆ. ಇಪ್ಪತ್ತು ನಿಮಿಷಕ್ಕೆ ನೂರು ಲೀಟರು, ಅಂದರೆ ನೂರು ಕಿಲೊ. ತೂತಿನ ಅಡ್ಡಳತೆ ಇಮ್ಮಡಿಯಾದರೆ ನೀರು ನಾಲ್ಮಡಿ.

ಇದಕ್ಕಿಂತಲೂ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಎರಡು ಹಲಗೆಗಳ ನಡುವೆ 1 ಮಿಲಿಮೀಟರು ಅಗಲದ ಬಿರುಕು 10 ಸೆಂಟಿಮೀಟರು ಉದ್ದಕ್ಕೆ ಇದ್ದರೆ ಅದರ ವಿಸ್ತೀರ್ಣ ಒಂದು ಚದರ ಸೆಂಟಿಮೀಟರು. ಮೇಲೆ ಹೇಳಿದ ಕಿರುಬೆರಳ ತೂತಿನ ವಿಸ್ತೀರ್ಣ 0.78 ಚದರ ಸೆಂಟಿಮೀಟರು ಮಾತ್ರ! ತೂತನ್ನು ಕಂಡರೆ ಎಲ್ಲರೂ ಹೆದರುತ್ತಾರೆ. ಬಿರುಕನ್ನು ಕಂಡರೆ ಯಾರೂ ಹೆದರುವುದಿಲ್ಲ. ಇಕ್ಕಟ್ಟಾದ ಬಿರುಕಿನಲ್ಲಿ ಘರ್ಷಣೆಯಿಂದ ನೀರು ಸ್ವಲ್ಪ ನಿಧಾನವಾಗಬಹುದು, ಅಷ್ಟೆ.

ಒಳಗೆ ಬಂದ ನೀರು ಬರಿಯ ಭಾರವಲ್ಲ. ಅಕ್ಕಿಮೂಟೆಯನ್ನು ದೋಣಿಯಲ್ಲಿಟ್ಟರೆ ಅದು ಇಟ್ಟಲ್ಲೇ ಇರುತ್ತದೆ, ನೀರು ಹಾಗಲ್ಲ. ಗಾಳಿಗೆ ದೋಣಿ ಯಾವ ಕಡೆ ವಾಲಿತೋ ಆ ಕಡೆಗೇ ಎಲ್ಲ ನೀರೂ ಓಡಿ, ವಾಲಿದ್ದನ್ನು ಇನ್ನಷ್ಟು ವಾಲಿಸುತ್ತದೆ. ಹಾಯಿದೋಣಿ ನಡೆಯುವುದೇ ವಾಲಿಕೊಂಡು. ಆದುದರಿಂದ ಇತರ ದೋಣಿಗಳಿಗಿಂತ ಇದಕ್ಕೆ ಸೋರಿಕೆಯ ಅಪಾಯ ಹೆಚ್ಚು.

ಇನ್ನು ಪರೀಕ್ಷೆಗೆ ಬರೋಣ. ಉದಾಹರಣೆಗೆ ಎಂಟರ್‌ಪ್ರೈಸ್ ಎಂಬ ಜಾತಿಯ ದೋಣಿಯನ್ನು ಇಟ್ಟುಕೊಳ್ಳೋಣ. ನೌಕಾ ಕೆಡೆಟ್‌ಗಳು ಬಳಸುವ ದೋಣಿಗಳಲ್ಲಿ ಇದೂ ಒಂದು. ಜ್ಯಾಕ್ ಹೋಲ್ಟ್ ಎಂಬ ಇಂಗ್ಲಿಷ್ ಶಿಲ್ಪಿ 1956ರಲ್ಲಿ ಇದರ ನಕ್ಷೆ ಮಾಡಿದನು. ಉದ್ದ ನಾಲ್ಕು ಮೀಟರಿಗೆ ತುಸು ಹೆಚ್ಚು, ಖಾಲಿ ಒಡಲಿನ ತೂಕ ಸುಮಾರು 90 ಕಿಲೊ, ಕುಳಿತುಕೊಳ್ಳುವವರು ಇಬ್ಬರು, ಹಾಯಿಯ ಬಣ್ಣ ನೀಲಿ. ಮೊದಲಿನವು ಪ್ಲೈವುಡ್ಡಿನಲ್ಲಿ ಆದವು. ಆಮೇಲೆ ಫೈಬರ್ ಗ್ಲಾಸಿನವೂ ಬಂದವು. ಮೇಲಿನ ಲೆಕ್ಕದ ಕಿರುಬೆರಳ ತೂತು ಇಪ್ಪತ್ತೇ ನಿಮಿಷಗಳಲ್ಲಿ ಈ ದೋಣಿಯ ಸ್ವಂತ ತೂಕಕ್ಕಿಂತ ಹೆಚ್ಚು ನೀರನ್ನು ಒಳಗೆ ತಂದಿರುತ್ತದೆ ಎಂಬುದನ್ನು ಗಮನಿಸಿ.

ಮೊದಲನೆಯದಾಗಿ, ಕಣ್ಣಿನ ಪರೀಕ್ಷೆ. ತೊಳೆಯುವ ಮೊದಲೇ ನೋಡಬೇಕು. ತೊಳೆದರೆ ಸಾಕ್ಷಿ ಅಳಿದುಹೋಗುತ್ತದೆ. ಒಳಗೆ ಬಿಳಿಯ ಉಪ್ಪಿನ ಗೆರೆ ಹರಿದಿದೆಯೇ? ಮೊಳೆಯ ಕೆಳಗೆ ತುಕ್ಕಿನ ಕಣ್ಣೀರು ಇಳಿದಿದೆಯೇ? ಎಲ್ಲ ಕಡೆ ಹಳೆಯ ಬಣ್ಣವಿದ್ದು ಒಂದೇ ಕಡೆ ಹೊಸ ಬಣ್ಣ ಬಳಿದಿದ್ದರೆ ಅಲ್ಲಿ ಎರಡು ಬಾರಿ ನೋಡಬೇಕು. ಯಾರೂ ಕಾರಣವಿಲ್ಲದೆ ಒಂದು ಗೇಣು ಜಾಗಕ್ಕೆ ಮಾತ್ರ ಬಣ್ಣ ಬಳಿಯುವುದಿಲ್ಲ. ತಳದಲ್ಲಿ ನೀರು ನಿಂತಿದ್ದರೆ ಅದು ಮಳೆಯದೋ ಕಡಲಿನದೋ ಎಂದು ತಿಳಿಯಬೇಕು. ಬೆರಳ ತುದಿಯಷ್ಟು ನಾಲಗೆಗೆ ತಾಗಿಸಿದರೆ ಸಾಕು. ಸಪ್ಪೆಯಾದರೆ ಬಹುಮಟ್ಟಿಗೆ ಮೇಲಿನಿಂದ ಬಂದ ಮಳೆನೀರು, ಉಪ್ಪಾದರೆ ಅಡಿಯಿಂದಲೋ ಅಂಚಿನಿಂದಲೋ ಬಂದ ಕಡಲ ನೀರು. (ಎಣ್ಣೆಯೋ ಕೊಳಕೋ ತೇಲುತ್ತಿದ್ದರೆ ಈ ರುಚಿ ನೋಡುವ ಕೆಲಸ ಬೇಡ.)

ಎರಡನೆಯದು ಬಡಿದು ನೋಡುವುದು. ಹಲಸಿನ ಹಣ್ಣನ್ನು ಬಡಿದು ಹದ ತಿಳಿಯುವವರು ನಾವು, ದೋಣಿಯೂ ಹಾಗೆಯೇ. ಒಂದು ನಾಣ್ಯದಿಂದ ಫೈಬರಿನ ಮೈಯನ್ನು ಅಂಗುಲ ಅಂಗುಲಕ್ಕೆ ತಟ್ಟುತ್ತ ಹೋಗಬೇಕು. ಗಟ್ಟಿ ಜಾಗದಲ್ಲಿ ಟಣ್ ಎಂಬ ತೆಳು ಸದ್ದು. ಪದರಗಳು ಬಿಟ್ಟುಕೊಂಡು ನೀರು ಸೇರಿದಲ್ಲಿ ಮಂಕಾದ ಸದ್ದು. ಅಡಿಯಲ್ಲಿ ಸಣ್ಣ ಬೊಬ್ಬೆಗಳು ಎದ್ದಿದ್ದು, ಒಂದನ್ನು ಚುಚ್ಚಿದಾಗ ವಿನೆಗರಿನಂತಹ ಹುಳಿ ವಾಸನೆಯ ದ್ರವ ಬಂದರೆ ನೀರು ಬಹಳ ಕಾಲದಿಂದ ಪದರಗಳ ಒಳಗೆ ಸೇರಿಕೊಂಡಿದೆ ಎಂದರ್ಥ. ಮರದ ದೋಣಿಯಾದರೆ ಚೂಪು ಮೊಳೆಯಿಂದ ಮೆಲ್ಲನೆ ಒತ್ತಿ ನೋಡಬೇಕು. ಒಳ್ಳೆಯ ಮರ ತಡೆಯುತ್ತದೆ. ಕೊಳೆತ ಮರ ಬೆಲ್ಲದಂತೆ ಒಳಗೆ ಬಿಡುತ್ತದೆ. ಉಪ್ಪುನೀರಿನಲ್ಲಿದ್ದ ಮರಕ್ಕೆ ಹಡಗುಹುಳದ ಕಾಟವೂ ಉಂಟು. ಹೆಸರು ಹುಳವೆಂದಾದರೂ ಇದು ಚಿಪ್ಪುಮೀನಿನ ಸಂಬಂಧಿ. ಇದು ಮರಿಯಾಗಿರುವಾಗಲೇ ಸೂಜಿಮೊನೆಯಷ್ಟು ತೂತು ಮಾಡಿ ಒಳಹೊಕ್ಕು, ಬೆಳೆದಂತೆ ಒಳಗಿನ ಸುರಂಗವನ್ನು ಅಗಲಿಸುತ್ತ ಹೋಗುತ್ತದೆ. ಹೊರಗೆ ಏನೂ ಕಾಣದು, ಒಳಗೆ ಹಲಗೆ ಜೇನುಗೂಡು!

ಮೂರನೆಯದಾಗಿ, ನೀರು ಬರಬಹುದಾದ ಬಾಗಿಲುಗಳನ್ನು ಒಂದೊಂದಾಗಿ ನೋಡಬೇಕು. ಹೆಚ್ಚಿನ ಸೋರಿಕೆ ಹಲಗೆಯ ನಡುವಿನಿಂದ ಆಗುವುದಿಲ್ಲ. ಮನುಷ್ಯ ಬೇಕೆಂದೇ ಕೊರೆದ ತೂತುಗಳ ಸುತ್ತ ಆಗುತ್ತದೆ. ಹಿಂಬದಿಯ ಹಲಗೆಯಲ್ಲಿ ನೀರು ಬಸಿಯಲು ಇಟ್ಟ ತೂತುಗಳ ಬಿರಡೆಗಳು ಇವೆಯೇ, ಅವುಗಳ ರಬ್ಬರ್ ಬಳೆ ಒಡೆದಿದೆಯೇ ನೋಡಿ. ಚುಕ್ಕಾಣಿಯನ್ನು ಸಿಕ್ಕಿಸುವ ಕೊಂಡಿಗಳ ತಿರುಪುಮೊಳೆಗಳು ಅಲುಗಾಡುತ್ತವೆಯೇ? ಓಡುವಾಗ ತಳದ ನೀರನ್ನು ತಾನಾಗಿ ಹೊರಗೆಳೆಯಲೆಂದು ಅಡಿಯಲ್ಲಿ ಇಟ್ಟ ಸಣ್ಣ ಲೋಹದ ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ? ಒಂದು ಮರಳಿನ ಕಣ ಅದರಲ್ಲಿ ಸಿಕ್ಕಿಕೊಂಡರೂ ನೀರು ಹೊರಗೆ ಹೋಗುವ ಬದಲು ಒಳಗೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ನಡುಹಲಗೆಯ ಪೆಟ್ಟಿಗೆ. ಹಾಯಿದೋಣಿ ಗಾಳಿಗೆ ಅಡ್ಡಕ್ಕೆ ಜಾರದಂತೆ ನಡುವಿನಿಂದ ಒಂದು ಹಲಗೆಯನ್ನು ನೀರಿಗೆ ಇಳಿಬಿಡುತ್ತಾರೆ. ಅದಕ್ಕಾಗಿ ದೋಣಿಯ ಅಡಿಯಲ್ಲಿ ಒಂದು ಮಾರಿಗೆ ಹತ್ತಿರದ ಸೀಳನ್ನು ಕೊರೆದು, ನೀರು ಒಳಬಾರದಂತೆ ಅದರ ಸುತ್ತ ನೀರಿನ ಮಟ್ಟಕ್ಕಿಂತ ಎತ್ತರವಾದ ಇಕ್ಕಟ್ಟು ಪೆಟ್ಟಿಗೆ ಕಟ್ಟುತ್ತಾರೆ. ಗಾಳಿಯ ಬಲವೆಲ್ಲ ಈ ಹಲಗೆಯ ಮೇಲೆ ಬಿದ್ದು, ಹಲಗೆ ಪೆಟ್ಟಿಗೆಯನ್ನು ಎಡಕ್ಕೂ ಬಲಕ್ಕೂ ಹಿಂಡುತ್ತಿರುತ್ತದೆ. ಹತ್ತು ವರ್ಷ ಹೀಗೆ ಹಿಂಡಿದ ಪೆಟ್ಟಿಗೆಯ ಬುಡ ಬಿಟ್ಟುಕೊಳ್ಳದಿದ್ದರೆ ಆಶ್ಚರ್ಯ. ಒಬ್ಬರು ಪೆಟ್ಟಿಗೆಯ ತಲೆಯನ್ನು ಹಿಡಿದು ಅಲುಗಿಸಬೇಕು, ಇನ್ನೊಬ್ಬರು ಬುಡದ ಸಂದಿಗೆ ಬೆರಳಿಟ್ಟಿರಬೇಕು. ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ಗೊತ್ತಾಗುತ್ತದೆ. ಹಲಗೆ ತಿರುಗುವ ಬೋಲ್ಟಿನ ಎರಡು ಬದಿಯನ್ನೂ ಹೀಗೆಯೇ ನೋಡಬೇಕು.

ಇಷ್ಟಾದ ಮೇಲೆ ನೀರಿನ ಪರೀಕ್ಷೆ. ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಇದೇ, ಯಾಕೆಂದರೆ ಇದಕ್ಕೆ ಯಾವ ಉಪಕರಣವೂ ಬೇಡ. ದೋಣಿ ನೀರಿನಲ್ಲಿರುವಾಗ ನೀರು ಹೊರಗಿನಿಂದ ಒಳಕ್ಕೆ ಬರುವ ದಾರಿಯಲ್ಲೇ, ದೋಣಿ ನೆಲದಲ್ಲಿರುವಾಗ ಒಳಗಿನಿಂದ ಹೊರಕ್ಕೆ ಹೋಗುತ್ತದೆ. ಹೊರಗಿನ ಮೈಯನ್ನು ಚೆನ್ನಾಗಿ ಒಣಗಿಸಿ, ಸಂದುಗಳ ಮೇಲೆ ಒಣ ಸೀಮೆಸುಣ್ಣವನ್ನು ಉಜ್ಜಿ, ಒಳಗೆ ನಾಲ್ಕು ಬೆರಳಷ್ಟು ನೀರು ಹೊಯ್ದು ಕಾಯಬೇಕು. ಎಲ್ಲಿ ಸೀಮೆಸುಣ್ಣ ಕಪ್ಪಾಗುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಗಂಟೆಯನ್ನು ಬರೆದಿಡಬೇಕು. ಐದು ನಿಮಿಷದಲ್ಲಿ ಒದ್ದೆಯಾದುದಕ್ಕೂ ಐದು ಗಂಟೆಯಲ್ಲಿ ಒದ್ದೆಯಾದುದಕ್ಕೂ ಬಹಳ ವ್ಯತ್ಯಾಸವಿದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ. ಒಂದು ಮೀಟರು ಅಗಲ, ಮೂರು ಮೀಟರು ಉದ್ದದ ತಳದಲ್ಲಿ 10 ಸೆಂಟಿಮೀಟರು ನೀರು ನಿಂತರೆ ಅದರ ಭಾರ 300 ಕಿಲೊ. ದೋಣಿಯನ್ನು ಕಟ್ಟಿರುವುದು ಹೊರಗಿನ ಒತ್ತಡವನ್ನು ತಡೆಯುವುದಕ್ಕೆ. ಒಳಗಿನಿಂದ ಹೊರಕ್ಕೆ ಒತ್ತುವ ಭಾರವನ್ನು ತಡೆಯುವುದಕ್ಕಲ್ಲ. ಎರಡು ಕಲ್ಲುಗಳ ಮೇಲೆ ಏರಿಸಿಟ್ಟ ದೋಣಿಗೆ ನೀರು ತುಂಬಿಸಿದರೆ ಸೋರದ ದೋಣಿಯೂ ಸೋರತೊಡಗೀತು. ಅಡಿಯುದ್ದಕ್ಕೂ ಮರಳಿನ ಚೀಲಗಳನ್ನೋ ಹಳೆಯ ಟಯರುಗಳನ್ನೋ ಒತ್ತೊತ್ತಾಗಿ ಇಟ್ಟು, ಒಂದು ಭಾಗದಲ್ಲಿ ಸ್ವಲ್ಪ, ಅದನ್ನು ಹೊರಗೆ ಬಸಿದ ಮೇಲೆ ಇನ್ನೊಂದು ಭಾಗದಲ್ಲಿ ಸ್ವಲ್ಪ – ಹೀಗೆ ನೋಡುವುದು ಒಳ್ಳೆಯದು.

ನೀರು ಕಂಡ ಜಾಗವೇ ನೀರು ಹೊಕ್ಕ ಜಾಗವಲ್ಲ. ಇದನ್ನು ಹಂಚಿನ ಮನೆಯಲ್ಲಿ ಬೆಳೆದವರಿಗೆ ವಿವರಿಸಬೇಕಾದುದಿಲ್ಲ. ಹಂಚು ಒಡೆದಿರುವುದು ಒಂದು ಕಡೆ. ನೀರು ಪಕಾಸಿನ ಮೇಲೆ ಹರಿದು ಬಂದು ತೊಟ್ಟಿಕ್ಕುವುದು ಇನ್ನೊಂದು ಕಡೆ. ದೋಣಿಯಲ್ಲಿಯೂ ನೀರು ಅಡ್ಡಮರಗಳನ್ನು ಹಿಡಿದುಕೊಂಡು ಒಂದೆರಡು ಮೊಳ ಹೋಗಿ ಕಾಣಿಸಿಕೊಳ್ಳುತ್ತದೆ. ಆದುದರಿಂದ ಕೊಳವೆಯಿಂದ ನೀರು ಬಿಟ್ಟು ಮೇಲಿನ ಅಂಚನ್ನು ಪರೀಕ್ಷಿಸುವಾಗ ಕೆಳಗಿನಿಂದ ಪ್ರಾರಂಭಿಸಿ, ಒಂದು ಸಂದನ್ನು ಐದು ನಿಮಿಷ ನೆನೆಸಿ, ಒಳಗಿದ್ದವರು ಇಲ್ಲವೆಂದ ಮೇಲೆಯೇ ಮೇಲಿನ ಸಂದಿಗೆ ಹೋಗಬೇಕು. ಮೇಲಿನಿಂದ ಪ್ರಾರಂಭಿಸಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಯಾವುದು ಯಾವುದೆಂದು ತಿಳಿಯದು. ಕತ್ತಲಾದ ಮೇಲೆ ಒಬ್ಬರು ದೋಣಿಯೊಳಗೆ ಟಾರ್ಚು ಹಿಡಿದು, ಇನ್ನೊಬ್ಬರು ಹೊರಗಿನಿಂದ ನೋಡುವ ಉಪಾಯವೂ ಇದೆ. ಬೆಳಕು ಬರುವಲ್ಲಿ ನೀರು ಬಂದೇ ಬರುತ್ತದೆ. ಬೆಳಕು ಬಾರದಲ್ಲಿ ನೀರು ಬಾರದೆಂದು ಮಾತ್ರ ಹೇಳಲಾಗದು.

ಎಂಟರ್‌ಪ್ರೈಸಿನಂತಹ ಅನೇಕ ದೋಣಿಗಳಲ್ಲಿ ಮಗುಚಿದರೂ ಮುಳುಗದಂತೆ ಬದಿಗಳಲ್ಲಿ ಗಾಳಿಯ ಪೆಟ್ಟಿಗೆಗಳನ್ನು ಇಟ್ಟಿರುತ್ತಾರೆ. ಕೆಲವು ಹಳೆಯವುಗಳಲ್ಲಿ ಗಾಳಿಚೀಲಗಳಿರುತ್ತವೆ. ಇವು ಸೋರಿದರೆ ದೋಣಿ ನೆಟ್ಟಗೆ ತೇಲುತ್ತಿರುವಷ್ಟು ಹೊತ್ತು ಯಾರಿಗೂ ತಿಳಿಯುವುದಿಲ್ಲ. ಮಗುಚಿದ ದಿನ ತಿಳಿಯುತ್ತದೆ. ಪರೀಕ್ಷೆ ಸುಲಭ. ಬಸಿಯುವ ತೂತಿಗೆ ಒಂದು ಕೊಳವೆ ಸಿಕ್ಕಿಸಿ ಬಾಯಿಂದ ಊದಿ, ಸಂದುಗಳ ಮೇಲೆ ಸಾಬೂನಿನ ನೊರೆ ಬಳಿಯುವುದು. ಸೈಕಲಿನ ಟ್ಯೂಬಿಗೆ ಪಂಕ್ಚರು ನೋಡುವವರು ನೀರಿನಲ್ಲಿ ಗುಳ್ಳೆ ನೋಡುತ್ತಾರಲ್ಲವೇ, ಅದೇ ತತ್ವ. ಪಂಪಿನಿಂದ ಬಲವಾಗಿ ಗಾಳಿ ಹೊಡೆಯಬಾರದು, ಪೆಟ್ಟಿಗೆ ಬಿರಿಯುತ್ತದೆ. ಕೊಳವೆಗೆ ಕವಲಾಗಿ, ಬಣ್ಣದ ನೀರು ತುಂಬಿದ ‘ಯು’ ಆಕಾರದ ಪಾರದರ್ಶಕ ನಳಿಕೆಯೊಂದನ್ನು ಜೋಡಿಸಿದರೆ ಒತ್ತಡವೂ ಗೊತ್ತಾಗುತ್ತದೆ. ಎರಡು ಕಡೆಯ ನೀರಿನ ಮಟ್ಟದಲ್ಲಿ 10 ಸೆಂಟಿಮೀಟರು ಅಂತರವಾದರೆ ಧಾರಾಳ ಸಾಕು. ಕೊಳವೆಯನ್ನು ಹಿಸುಕಿ ಮುಚ್ಚಿ ಗಡಿಯಾರ ನೋಡಬೇಕು. ಮಟ್ಟ ಎಷ್ಟು ಬೇಗ ಇಳಿಯುತ್ತದೋ ಅಷ್ಟು ಸೋರಿಕೆ. ಪೆಟ್ಟಿಗೆಯ ಮುಚ್ಚಳ ಸರಿ ಕೂರುತ್ತದೆಯೇ ಎಂದು ತಿಳಿಯಲು ಅದರ ಅಂಚಿಗೆ ಸೀಮೆಸುಣ್ಣ ಹಚ್ಚಿ ಮುಚ್ಚಿ ತೆಗೆಯಿರಿ. ರಬ್ಬರಿನ ಮೇಲೆ ಸುಣ್ಣದ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಮುಚ್ಚಳ ಮುಟ್ಟುತ್ತಿಲ್ಲ. ದೊಡ್ಡ ಹಡಗುಗಳ ಸರಕುಕೋಣೆಯ ಮುಚ್ಚಳಗಳನ್ನೂ ಹೀಗೆಯೇ ಸೀಮೆಸುಣ್ಣದಿಂದ ಪರೀಕ್ಷಿಸುತ್ತಾರೆ ಎಂದರೆ ಕೆಲವರಿಗೆ ನಗು ಬಂದೀತು. ಆದರೆ ಅದು ಸತ್ಯ.

ಹಲಗೆಗಳನ್ನು ಜೋಡಿಸಿ ಮಾಡಿದ ದೋಣಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗುವುದನ್ನೂ ಬೇಸಗೆಯಲ್ಲಿ ಸಡಿಲಾಗುವುದನ್ನೂ ಎಲ್ಲರೂ ಕಂಡಿದ್ದೇವೆ. ಮರವು ನೀರು ಕುಡಿದಾಗ ಅಡ್ಡಕ್ಕೆ ಹಿಗ್ಗುತ್ತದೆ. ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಮೆ. ಬೇಸಗೆಯೆಲ್ಲ ಬಿಸಿಲಿನಲ್ಲಿದ್ದ ದೋಣಿಯ ಸಂದುಗಳು ಬಾಯಿಬಿಟ್ಟಿದ್ದರೆ ಅದು ಪೂರ್ತಿ ರೋಗವಲ್ಲ, ಅರ್ಧ ಬಾಯಾರಿಕೆ! ಇದನ್ನು ತಿಳಿಯದವರು ಒಣಗಿದ ಸಂದಿಗೆ ಕಲ್ಲಿನಂತೆ ಗಟ್ಟಿಯಾಗುವ ಅಂಟನ್ನು ತುಂಬುತ್ತಾರೆ. ದೋಣಿ ನೀರಿಗಿಳಿದ ಮೇಲೆ ಹಲಗೆ ಹಿಗ್ಗಲು ಜಾಗವಿಲ್ಲದೆ ಮೊಳೆಗಳನ್ನೇ ಕೀಳುತ್ತದೆ, ಒಳಗಿನ ಅಡ್ಡಮರಗಳನ್ನೂ ಮುರಿಯಬಹುದು. ನಮ್ಮ ಕರಾವಳಿಯಲ್ಲಿ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ದೋಣಿ ಕಟ್ಟಿದವರೂ, ಸಂದಿಗೆ ಹತ್ತಿಯನ್ನೋ ನಾರನ್ನೋ ತುಂಬಿ ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಹಚ್ಚಿದವರೂ ಈ ಗುಟ್ಟನ್ನು ಬಲ್ಲವರು. ಹತ್ತಿ ಮೆತ್ತಗಿರುವುದರಿಂದ ಹಲಗೆ ಹಿಗ್ಗಿದಾಗ ಒತ್ತಿಕೊಳ್ಳುತ್ತದೆ, ಒತ್ತಿದಷ್ಟೂ ಬಿಗಿಯಾಗುತ್ತದೆ. ಗೇರೆಣ್ಣೆ ಮುಟ್ಟಿದರೆ ಕೈ ಸುಡುತ್ತದೆ ಎಂಬುದನ್ನು ನಮ್ಮ ಊರಿನ ಮಕ್ಕಳಿಗೆ ಹೇಳಬೇಕಾದುದಿಲ್ಲ. ಇಂತಹ ದೋಣಿಯನ್ನು ನೀರಿಗಿಳಿಸುವ ಮೊದಲು ಕೆಲವು ದಿನ ಒದ್ದೆ ಗೋಣಿಚೀಲಗಳನ್ನು ಒಳಗೂ ಹೊರಗೂ ಹೊದಿಸಿ ಆಗಾಗ ನೀರು ಚಿಮುಕಿಸುತ್ತಿರಬೇಕು. ಆಮೇಲೂ ಬಾಯಿ ಮುಚ್ಚದ ಸಂದು ಯಾವುದೋ ಅದಕ್ಕೆ ಆಚಾರಿಯವರನ್ನು ಕರೆಯುವುದು.

ದೋಣಿ ಹಳೆಯದೆಂದ ಮಾತ್ರಕ್ಕೆ ಅದನ್ನು ತಳ್ಳಿಹಾಕಬೇಕಾಗಿಲ್ಲ. ಜೋಶುವಾ ಸ್ಲೋಕಮ್ ಎಂಬ ನಾವಿಕನಿಗೆ ಅಮೆರಿಕದ ಫೇರ್‌ಹೇವನ್ ಎಂಬ ಊರಿನಲ್ಲಿ ಒಂದು ಹುಲ್ಲುಗಾವಲಿನಲ್ಲಿ ಬಿದ್ದಿದ್ದ ಹಳೆಯ ಹಾಯಿದೋಣಿ ದೊರೆಯಿತು. ಹೆಸರು ‘ಸ್ಪ್ರೇ’. ಅವನು ಹದಿಮೂರು ತಿಂಗಳು ದುಡಿದು, 553 ಡಾಲರು ಚಿಲ್ಲರೆ ವೆಚ್ಚ ಮಾಡಿ, ಹಲಗೆ ಹಲಗೆಯಾಗಿ ಅದನ್ನು ಹೊಸದು ಮಾಡಿದನು. ಸಂದುಗಳಿಗೆ ಮೊದಲು ಹತ್ತಿಯ ಎಳೆಯನ್ನೂ ಅದರ ಮೇಲೆ ಹಳೆಯ ಹಗ್ಗದ ನಾರನ್ನೂ ಬಡಿದು ತುಂಬಿಸಿದನು. 1895ರಲ್ಲಿ ಅದೇ ದೋಣಿಯಲ್ಲಿ ಒಬ್ಬನೇ ಹೊರಟು 1898ರಲ್ಲಿ ಭೂಮಿಯನ್ನು ಸುತ್ತಿ ಬಂದನು. ಹಾಗೆ ಒಬ್ಬನೇ ಸುತ್ತಿದವರಲ್ಲಿ ಅವನೇ ಮೊದಲಿಗ. ಇತ್ತೀಚಿನದೂ ಒಂದು ಉಂಟು. ನಮ್ಮ ನೌಕಾದಳದ ‘ತಾರಿಣಿ’ 2017–18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳನ್ನು ಹೊತ್ತು ಭೂಮಿಯನ್ನು ಸುತ್ತಿದ ಹಾಯಿದೋಣಿ. ಅದೇ ದೋಣಿಯಲ್ಲಿ ಕೋಝಿಕ್ಕೋಡಿನ ದಿಲ್ನಾ ಮತ್ತು ಪುದುಚೇರಿಯ ರೂಪಾ ಎಂಬ ಇಬ್ಬರು ಅಧಿಕಾರಿಗಳು 2024ರ ಅಕ್ಟೋಬರಿನಲ್ಲಿ ಗೋವೆಯಿಂದ ಹೊರಟು 2025ರ ಮೇ ತಿಂಗಳಲ್ಲಿ ಮರಳಿದರು.

ಕೊನೆಗೆ ನೀರಿಗಿಳಿಸುವ ದಿನ. ಅಳಿವೆಯ ಬಳಿ ಬೇಡ, ಸೆಳವಿಲ್ಲದ ಕಡೆ, ಮೊಣಕಾಲು ನೀರಿನಲ್ಲಿ, ಹಾಯಿ ಕಟ್ಟದೆ, ಹಗ್ಗದಿಂದ ದಡಕ್ಕೆ ಬಿಗಿದು ಇಳಿಸಬೇಕು. ಒಳಗನ್ನು ಸ್ಪಂಜಿನಿಂದ ಪೂರ್ತಿ ಒರೆಸಿ, ಸಂದುಗಳ ಉದ್ದಕ್ಕೆ ರಂಗೋಲಿ ಹುಡಿಯನ್ನು ತೆಳ್ಳಗೆ ಉದುರಿಸಿದರೆ ನೀರು ಹೊಕ್ಕ ಜಾಗ ಗೆರೆಯಾಗಿ ಕಾಣುತ್ತದೆ. ಮೊದಲು ಖಾಲಿ ದೋಣಿ. ಅರ್ಧ ಗಂಟೆಯ ಮೇಲೆ ಜೀವರಕ್ಷಕ ಜಾಕೆಟು ತೊಟ್ಟ ಇಬ್ಬರು ಕುಳಿತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿಸಬೇಕು, ಯಾಕೆಂದರೆ ಖಾಲಿ ಇದ್ದಾಗ ನೀರಿನಿಂದ ಮೇಲಿರುವ ಸಂದುಗಳು ಆಗ ಮಾತ್ರ ನೀರಿಗೆ ಮುಟ್ಟುತ್ತವೆ. ನಡುಹಲಗೆಯನ್ನು ಕೆಳಗಿಳಿಸಿಯೂ ಮೇಲಕ್ಕೆತ್ತಿಯೂ ನೋಡಬೇಕು.

ಒಂದು ಲೀಟರಿನ ಡಬ್ಬಿಯಿಂದ ನೀರನ್ನು ಮೊಗೆದು, ಗಂಟೆಗೆ ಎಷ್ಟು ಡಬ್ಬಿ ಎಂದು ನೋಟು ಪುಸ್ತಕದಲ್ಲಿ ಬರೆದಿಡಬೇಕು. ಫೈಬರಿನ ದೋಣಿಯಲ್ಲಿ ಈ ಸಂಖ್ಯೆ ಸೊನ್ನೆಯಾಗಿರಬೇಕು. ಅದಕ್ಕೆ ಹಿಗ್ಗಿ ಮುಚ್ಚಿಕೊಳ್ಳುವ ಗುಣವಿಲ್ಲ. ಪ್ಲೈವುಡ್ಡಿಗೂ ಇದೇ ಮಾತು. ಹಲಗೆ ಜೋಡಿಸಿದ ದೋಣಿಗೆ ಮಾತ್ರ ಎರಡು ಮೂರು ದಿನಗಳ ಸಮಯ ಕೊಡಬಹುದು. ಮೊದಲ ದಿನ ಗಂಟೆಗೆ ಇಪ್ಪತ್ತು ಡಬ್ಬಿ, ಎರಡನೆಯ ದಿನ ಎಂಟು, ಮೂರನೆಯ ದಿನ ಎರಡು ಎಂದಾದರೆ ಮರ ತನ್ನ ಕೆಲಸ ಮಾಡುತ್ತಿದೆ. ಮೂರನೆಯ ದಿನವೂ ಇಪ್ಪತ್ತೇ ಆಗಿದ್ದರೆ, ಅಥವಾ ಇಪ್ಪತ್ತೈದಕ್ಕೆ ಏರಿದ್ದರೆ, ಯಾರು ಎಷ್ಟೇ ಅವಸರ ಮಾಡಿದರೂ ದೋಣಿಯನ್ನು ದಡಕ್ಕೆಳೆದು ಪೆನ್ಸಿಲಿನ ಗುರುತುಗಳನ್ನು ಮೊದಲಿನಿಂದ ನೋಡಬೇಕು. ಸಂಖ್ಯೆ ಇಳಿದ ದೋಣಿಯಲ್ಲಿಯೂ ಆ ಡಬ್ಬಿಯನ್ನು ಒಂದು ಹುರಿಯಿಂದ ಅಡ್ಡಹಲಗೆಗೆ ಕಟ್ಟಿಯೇ ಇಡುವುದು. ಕಟ್ಟದ ಡಬ್ಬಿ ದೋಣಿ ಮಗುಚಿದಾಗ ಮೊದಲು ತೇಲಿಹೋಗುತ್ತದೆ.